ಮಗುಚಿ ಇಟ್ಟ ಗಡಿಯಾರ

1968, ಜನವರಿ 9, ಮಂಗಳವಾರ

ಹೊಸ ವರ್ಷದ ರಜೆ ಮುಗಿಸಿ ಕೋಬೆಯಿಂದ ಸುವಾದ ಗಡಿಯಾರ ಕಾರ್ಖಾನೆಗೆ ಬಂದು ನಾಲ್ಕು ದಿನವಾಯಿತು. ಸರೋವರ ಅಂಚಿನಲ್ಲಿ ಮಾತ್ರ ಹೆಪ್ಪುಗಟ್ಟಿದೆ, ನಡುವೆ ಇನ್ನೂ ನೀರು. ಹಾಸ್ಟೆಲಿನ ಕಿಟಕಿಯಿಂದ ನೋಡಿದರೆ ಗಟ್ಟಿಯಾಗಲೋ ಬೇಡವೋ ಎಂದು ಯೋಚಿಸುತ್ತಿರುವಂತೆ ಕಾಣುತ್ತದೆ.

ಇವತ್ತು ನಮಗೆ ಕೆಲಸ ಕಲಿಸುವ ಉಶಿಯಾಮಾ ಸಾನ್ ಮೊದಲ ವರ್ಷದವರನ್ನೆಲ್ಲ ನಿಲ್ಲಿಸಿ ಮಾರ್ಚ್ ಪರೀಕ್ಷೆಯ ವಿಷಯ ಹೇಳಿದರು. ಕಳೆದ ಏಪ್ರಿಲ್‌ನಲ್ಲಿ ನಮ್ಮ ಕೈಗೆ ಕೊಟ್ಟ ಗಡಿಯಾರವನ್ನೇ ಒಪ್ಪಿಸಬೇಕು. ಮುಖ ಮೇಲೆ, ಮುಖ ಕೆಳಗೆ, ಕೀ ಕೊಡುವ ಗುಂಡಿ ಮೇಲೆ, ಕೆಳಗೆ, ಎಡಕ್ಕೆ: ಹೀಗೆ ಐದು ಭಂಗಿಯಲ್ಲಿಟ್ಟು ನಡೆ ನೋಡುತ್ತಾರೆ. ಎಲ್ಲಕ್ಕಿಂತ ಓಡುವ ಭಂಗಿಗೂ ಎಲ್ಲಕ್ಕಿಂತ ನಿಧಾನದ ಭಂಗಿಗೂ ದಿನಕ್ಕೆ ಆರು ಸೆಕೆಂಡಿಗಿಂತ ಹೆಚ್ಚು ಅಂತರ ಇರಬಾರದು. ದಾಟಿದವರು ಗಾಜಿನ ಗೋಡೆಯ ಆಚೆ, ನಡೆ ಹೊಂದಿಸುವ ಕೋಣೆಗೆ. ಆ ಕೋಣೆಯ ಹಿರಿಯರು ಉಶಿಯಾಮಾ ಸಾನ್ ಅವರೇ. ದಾಟದವರು ಪಟ್ಟಿ ಜೋಡಿಸುವ ಕಡೆಗೋ, ಡಬ್ಬಿ ತುಂಬುವ ಕಡೆಗೋ, ಊರಿಗೋ.

ಆಮೇಲೆ ಒಬ್ಬೊಬ್ಬರ ಗಡಿಯಾರ ನೋಡಿದರು. ನನ್ನದು ಮುಖ ಮೇಲಿದ್ದಾಗ ಹನ್ನೊಂದು ಸೆಕೆಂಡು ಮುಂದೆ ಓಡುತ್ತದೆ, ಗುಂಡಿ ಕೆಳಗಿದ್ದಾಗ ಹತ್ತು ಹಿಂದೆ ಬೀಳುತ್ತದೆ. ಎಲ್ಲ ಕೂಡಿಸಿ ಭಾಗಿಸಿದರೆ ಸೊನ್ನೆ. ಕೈಗೆ ಕಟ್ಟಿಕೊಂಡರಂತೂ ರೇಡಿಯೊದಲ್ಲಿ ಏಳು ಹೊಡೆದಾಗ ಸರಿಯಾಗಿ ಏಳು. ನನಗೆ ಒಳಗೊಳಗೇ ಹೆಮ್ಮೆಯಿತ್ತು.

“ಎಡಕ್ಕೊಂದು ಸುಳ್ಳು, ಬಲಕ್ಕೊಂದು ಸುಳ್ಳು” ಎಂದರು ಉಶಿಯಾಮಾ ಸಾನ್. “ನಡುವೆ ಸಿಕ್ಕಿಬೀಳದಂಗೆ ನಿಂತದೆ.”

ನನ್ನ ಕೋಣೆಯ ಜೊತೆಗಾತಿ ತೊಮಿಯದು ಹೇಗಿಟ್ಟರೂ ಎಂಟೋ ಒಂಬತ್ತೋ ಸೆಕೆಂಡು ಮುಂದೆ. ಗುಂಡಿ ಎಡಕ್ಕಿದ್ದಾಗ ಮಾತ್ರ ಇನ್ನೂ ಸ್ವಲ್ಪ ಜಾಸ್ತಿ. ಅದನ್ನು ಹೊಗಳಿದರು. ಅದಕ್ಕೆ ಇರುವುದು ಒಂದೇ ಚಟವಂತೆ, ಒಂದು ಚಟ ಬಿಡಿಸುವುದು ಸುಲಭವಂತೆ.

ಎಂಟು ಸೆಕೆಂಡು ತಪ್ಪು ಹೇಳುವ ಗಡಿಯಾರ ಒಳ್ಳೆಯದು, ಸರಿಯಾದ ಹೊತ್ತು ಹೇಳುವ ಗಡಿಯಾರ ಕೆಟ್ಟದ್ದು. ನನಗೆ ಅರ್ಥವಾಗಲಿಲ್ಲ. ಅರ್ಥವಾಯಿತು ಎಂದು ತಲೆಯಾಡಿಸಿದೆ.

ಜನವರಿ 12, ಶುಕ್ರವಾರ

ಸ್ನಾನದ ಮನೆಯಲ್ಲಿ ಇವತ್ತೂ ಇಬ್ಬರು ನನ್ನ ಕೂದಲಿನ ಬಣ್ಣ ಹುಟ್ಟಿನದೋ ಹಚ್ಚಿದ್ದೋ ಎಂದು ಮಾತಾಡಿಕೊಂಡರು. ಬಿಸಿನೀರಿನಲ್ಲಿ ಕುತ್ತಿಗೆಯವರೆಗೆ ಮುಳುಗಿ ಕೂತೆ. ಅಪ್ಪನ ಕೂದಲು ಎಂದು ಹೇಳಿದರೆ ಅಪ್ಪ ಎಲ್ಲಿ ಎಂದು ಕೇಳುತ್ತಾರೆ. ಇಂಗ್ಲೆಂಡಿನಲ್ಲಿ ಎಂದರೆ ಮತ್ತೆ ಯಾಕೆ ಎಂದು ಕೇಳುತ್ತಾರೆ. ಯಾಕೆ ಎಂದು ನನಗೂ ಗೊತ್ತಿಲ್ಲ.

ತೊಮಿಗೆ ಇಂಥದ್ದೆಲ್ಲ ಲೆಕ್ಕಕ್ಕಿಲ್ಲ. ಸರೋವರದ ಆಚೆಯ ಒಕಾಯಾದವಳು. ಅವಳ ಅಜ್ಜಿಯೂ ಅಮ್ಮನೂ ಕುದಿನೀರಿನಿಂದ ರೇಷ್ಮೆ ಎಳೆ ತೆಗೆದೇ ಬದುಕಿದವರು. ತೊಮಿಯ ಬೆರಳು ನೋಡಿದರೆ ಏನೂ ವಿಶೇಷವಿಲ್ಲ, ಸ್ವಲ್ಪ ಗಿಡ್ಡವೇ. ಚಿಮಟ ಹಿಡಿದಾಗ ಮಾತ್ರ ಅವು ಬೇರೆ ಯಾರದೋ ಬೆರಳುಗಳಾಗಿಬಿಡುತ್ತವೆ.

ಊರಿಂದ ಸಿಹಿ ಸೋಯಾದಲ್ಲಿ ಬೇಯಿಸಿದ ಮಿಡತೆ ತಂದಿದ್ದಳು. ಕಣ್ಣು ಮುಚ್ಚಿಕೊಂಡು ಒಂದು ತಿಂದೆ.

“ಅರ್ಧ ಹೊಟ್ಟೆ ಇಂಗ್ಲಿಷು, ಅರ್ಧ ನಮ್ದು” ಎಂದಳು. “ಮಿಡತೆ ಯಾವ ಅರ್ಧಕ್ಕೆ ಹೋಯ್ತು ಮಿಯೊ?”

ನಕ್ಕೆ. ನಿಜವಾಗಿ ಯಾವ ಅರ್ಧಕ್ಕೆ ಹೋಯಿತು ಎಂದು ಬಹಳ ಹೊತ್ತು ಯೋಚಿಸಿದೆ. ಇಂಥದ್ದನ್ನೆಲ್ಲ ಯೋಚಿಸಬಾರದು.

ಜನವರಿ 18, ಗುರುವಾರ

ಬೆಳಿಗ್ಗೆ ಪಾಠ ಶುರುವಾಗುವ ಹೊತ್ತಿಗೇ ರಫ್ತು ಕಚೇರಿಯ ಕಸಹಾರಾ ಸಾನ್ ಬಂದು ನನ್ನನ್ನು ಕರೆದುಕೊಂಡು ಹೋದರು. ಲಂಡನ್ನಿನಿಂದ ಒಬ್ಬ ಗಡಿಯಾರದ ವ್ಯಾಪಾರಿ ಬಂದಿದ್ದ, ಅವನ ಮಾತು ತಿರುಗಿಸಿ ಹೇಳಬೇಕಿತ್ತು. ಕಸಹಾರಾ ಸಾನ್‌ಗೂ ಇಂಗ್ಲಿಷ್ ಬರುತ್ತದೆ, ಆದರೆ ಅವರ ಇಂಗ್ಲಿಷ್ ಕೇಳಿ ಬಂದವರು ಇನ್ನಷ್ಟು ವಿನಯದಿಂದ ನಗುತ್ತಾರೆ.

ಮಧ್ಯಾಹ್ನ ಆ ವ್ಯಾಪಾರಿ ಉಶಿಯಾಮಾ ಸಾನ್‌ರನ್ನು ನಿಮ್ಮ ನಿಖರತೆಯ ಗುಟ್ಟೇನು ಎಂದು ಕೇಳಿದ. ಅವರು ಬಹಳ ಹೊತ್ತು ಹೇಳಿದರು. ತಪ್ಪೇ ಮಾಡದ ಗಡಿಯಾರ ಇಲ್ಲ, ಹೇಗೆ ಮಲಗಿಸಿದರೂ ಹೇಗೆ ನಿಲ್ಲಿಸಿದರೂ ಒಂದೇ ತಪ್ಪು ಮಾಡುವ ಗಡಿಯಾರವಿದೆ, ಅಲ್ಲಿಗೆ ತಲುಪುವಷ್ಟರಲ್ಲಿ ಮನುಷ್ಯ ಮುದುಕನಾಗಿರುತ್ತಾನೆ ಎಂದೇನೋ. ಇದನ್ನು ಇಂಗ್ಲಿಷಿನಲ್ಲಿ ಹೇಳಿದರೆ ಅವನು ಖರೀದಿಯನ್ನೇ ಬಿಟ್ಟಾನು ಅನ್ನಿಸಿತು. ನಮ್ಮ ಗುರಿ ಸೊನ್ನೆ ತಪ್ಪು ಎಂದು ಹೇಳಿದೆ. ಅವನಿಗೆ ಸಂತೋಷವಾಯಿತು. ಕಸಹಾರಾ ಸಾನ್‌ಗೆ ಇನ್ನೂ ಸಂತೋಷ.

ಅವರು ಹೋದ ಮೇಲೆ ಉಶಿಯಾಮಾ ಸಾನ್ ಕಣ್ಣಿನ ಮಸೂರ ತೆಗೆಯದೆಯೇ ಕೇಳಿದರು: “ನಾನು ಅಷ್ಟುದ್ದ ಹೇಳಿದೆ, ನೀನು ಇಷ್ಟರಲ್ಲೇ ಮುಗಿಸಿದೆ. ಇಂಗ್ಲಿಷು ಅಷ್ಟು ಗಿಡ್ಡ ಭಾಷೆಯಾ?”

ತರಗತಿಗೆ ಬಂದರೆ ಎಲ್ಲರೂ ಬೆಂಚು ಒರೆಸುತ್ತಿದ್ದರು. ಗಡಿಯಾರದೊಳಗೆ ಅತ್ತಿತ್ತ ತೂಗುವ ಚಕ್ರದ ಭಾರ ಸರಿಮಾಡಲು ಅದರಿಂದ ಲೋಹ ಕೆರೆಯುವುದನ್ನು ಇವತ್ತು ಹೇಳಿಕೊಟ್ಟರಂತೆ. ಆಮೇಲೆ ಹೇಳ್ತೀನಿ ಎಂದ ತೊಮಿ ತಲೆನೋವೆಂದು ಬೇಗ ಮಲಗಿಬಿಟ್ಟಳು. ಬೇರೆ ಯಾರನ್ನೂ ಕೇಳಲಿಲ್ಲ. ಇಂಗ್ಲಿಷಿನವಳಿಗೆ ಇಷ್ಟೂ ಬರಲ್ಲ ಅಂದುಬಿಟ್ಟರೆ?

ಜನವರಿ 24, ಬುಧವಾರ

ಎಷ್ಟೋ ದಿನಗಳ ಮೇಲೆ ಒಂದು ಒಳ್ಳೆಯ ದಿನ.

ಬೆಳಗಿನ ಪಾಳಿ ನನ್ನದು. ರಾತ್ರಿ ಎಲ್ಲರ ಗಡಿಯಾರವೂ ಒಂದೇ ತಟ್ಟೆಯಲ್ಲಿ ಮುಖ ಮೇಲೆ ಮಾಡಿ ಮಲಗಿರುತ್ತವೆ. ರೇಡಿಯೊ ವ್ಯಾಯಾಮ ಮುಗಿದ ಕೂಡಲೆ ಪಾಳಿಯವರು ಎಲ್ಲಕ್ಕೂ ಪೂರ್ತಿ ಕೀ ಕೊಡಬೇಕು, ಯಾವುದಕ್ಕೂ ಹೆಚ್ಚು ಕಡಿಮೆಯಾಗದ ಹಾಗೆ. ಈ ಸಲ ಎಲ್ಲವೂ ಸರಿಸಮ ಬಂತು. ತೊಮಿಯದು ಮಗುಚಿ ಬಿದ್ದಿತ್ತು. ಜ್ವರದಲ್ಲಿ ಹೇಗೋ ಇಟ್ಟು ಹೋಗಿದ್ದಾಳೆ ಪಾಪ. ನೆಟ್ಟಗೆ ಮಾಡಿ, ಕೀ ಕೊಟ್ಟು, ಗಾಜನ್ನೂ ಒರೆಸಿಟ್ಟೆ. ಕೋಬೆಯ ಕಾನ್ವೆಂಟ್ ಹಾಸ್ಟೆಲಿನಲ್ಲಿ ಸಿಸ್ಟರ್ ವಿನಿಫ್ರೆಡ್ ನಮಗೆ ಕಲಿಸಿದ್ದು ಅದನ್ನೇ, ಸೊಟ್ಟಗಿರುವುದು ಕಣ್ಣಿಗೆ ಬಿದ್ದರೆ ಯಾರದೆಂದು ಕೇಳದೆ ನೆಟ್ಟಗೆ ಮಾಡು ಎಂದು.

ಮಧ್ಯಾಹ್ನ ತೊಮಿ ಸೀನುತ್ತ ಚುಕ್ಕಿಯಂತ್ರದ ಮುಂದೆ ಕೂತಿದ್ದಳು. ಅದು ಗಡಿಯಾರದ ಸದ್ದು ಕೇಳಿ ಕಾಗದದ ಮೇಲೆ ಚುಕ್ಕಿ ಹಾಕುತ್ತ ಹೋಗುತ್ತದೆ. ಸಾಲು ಮೇಲಕ್ಕೇರಿದರೆ ಗಡಿಯಾರ ಓಡುತ್ತಿದೆ ಎಂದರ್ಥ. ಶುಂಠಿ ಹಾಕಿದ ಬಿಸಿನೀರು ತಂದುಕೊಟ್ಟೆ. ನೀನು ನನ್ನ ಹಿಂದಿನ ಜನ್ಮದ ಅತ್ತೆ ಇರಬೇಕು ಎಂದಳು. ಇದು ಬೈಗುಳವೋ ಹೊಗಳಿಕೆಯೋ ತಿಳಿಯಲಿಲ್ಲ.

ಜನವರಿ 27, ಶನಿವಾರ

ತೊಮಿಯ ಗಡಿಯಾರ ಕೆಟ್ಟಿದೆ. ಕೆಟ್ಟಿದೆ ಎಂದರೆ ನಿಂತಿಲ್ಲ. ಒಂದೇ ಚಟದ ಗಡಿಯಾರ ಈಗ ಗುಂಡಿ ಎಡಕ್ಕಿದ್ದಾಗ ಒಂದು ಹೇಳುತ್ತದೆ, ಗುಂಡಿ ಮೇಲಿದ್ದಾಗ ಮತ್ತೊಂದು. ಅಂತರ ಮೂವತ್ತು ದಾಟಿದೆ. ಬುಧವಾರ ಅಳೆದು, ಭಾರವಿದ್ದ ಕಡೆ ಲೋಹ ಕೆರೆದಳಂತೆ. ಸರಿಹೋಗುವ ಬದಲು ಇನ್ನೂ ಹದಗೆಟ್ಟಿತು. ಕೆರೆದದ್ದು ಸಾಲದೇನೋ ಎಂದು ಅದೇ ಜಾಗದಲ್ಲಿ ಇನ್ನೊಂದು ಸಲ ಕೆರೆದಳು.

ಕೆರೆದ ಲೋಹವನ್ನು ವಾಪಸು ಹಚ್ಚಲು ಬರುವುದಿಲ್ಲ.

ಊಟದ ಮನೆಯಲ್ಲಿ ಯಾರೋ, ನಮ್ಮ ತೊಮಿಯೂ ಮನುಷ್ಯಳೇ ಎಂದು ತಮಾಷೆ ಮಾಡಿದರು. ಅವಳು ನಗಲಿಲ್ಲ. ಇಷ್ಟು ಒಳ್ಳೆಯ ಕೈ ಹೀಗೇಕೆ ಮಾಡಿತು ಎಂದು ನನಗೂ ತಲೆಬುಡ ತಿಳಿಯುತ್ತಿಲ್ಲ.

ಜನವರಿ 30, ಮಂಗಳವಾರ

ಉಶಿಯಾಮಾ ಸಾನ್ ತೊಮಿಯ ಚಕ್ರವನ್ನು ಮಸೂರದ ಕೆಳಗಿಟ್ಟು ನೋಡಿದರು. ನಾವೆಲ್ಲ ಸುತ್ತ ನಿಂತಿದ್ದೆವು.

“ಪೂರ್ತಿ ಕೀ ಇದ್ದಾಗ ಅಳೆದಿದ್ದೀಯ.”

“ಇಲ್ಲ. ಹಿಂದಿನ ಸಂಜೆಯೇ ಮಗುಚಿ ಇಟ್ಟಿದ್ದೆ.”

“ಮಗುಚಿಟ್ಟಿದ್ದರೆ ಇದು ಹಿಂಗಾಗಲ್ಲ.”

“ಮಗುಚಿ ಇಟ್ಟಿದ್ದೆ” ಎಂದಳು ತೊಮಿ ಮತ್ತೆ.

ಆಗ ನನಗೆ ತಟ್ಟೆಯಲ್ಲಿ ಮಗುಚಿ ಬಿದ್ದಿದ್ದ ಅವಳ ಗಡಿಯಾರ ನೆನಪಾಯಿತು. ಮಗುಚಿ ಇಟ್ಟರೆ ಏನರ್ಥ ಎಂದು ಪಕ್ಕದಲ್ಲಿದ್ದವಳನ್ನು ಪಿಸುದನಿಯಲ್ಲಿ ಕೇಳಿದೆ. ಕೇಳುವುದನ್ನು ಹನ್ನೆರಡು ದಿನ ತಡಮಾಡಿ ಕೇಳಿದೆ. ನಿನಗೆ ಗೊತ್ತಿಲ್ಲವೇ ಎಂದು ಅವಳು ನನ್ನನ್ನೇ ನೋಡಿದಳು. ಕೀ ಇಳಿದು ಚಕ್ರ ಮೆಲ್ಲಗೆ ತೂಗುವಾಗ, ಗಡಿಯಾರ ಹೆಚ್ಚು ಓಡುವ ಭಂಗಿಯಲ್ಲಿ ಭಾರದ ಬದಿ ಕೆಳಗಿರುತ್ತದೆ, ಅಲ್ಲಿ ಕೆರೆಯಬೇಕು. ಪೂರ್ತಿ ಕೀ ಇದ್ದು ಜೋರಾಗಿ ತೂಗುವಾಗ ಇದೇ ಲೆಕ್ಕ ತಲೆಕೆಳಗು, ಭಾರ ಮೇಲಿರುತ್ತದೆ. ಆದ್ದರಿಂದ ಅಳೆಯುವವರು ಹಿಂದಿನ ಸಂಜೆ ಗಡಿಯಾರವನ್ನು ತಟ್ಟೆಯಲ್ಲಿ ಮಗುಚಿ ಇಡುತ್ತಾರೆ. ಮಗುಚಿಟ್ಟದ್ದಕ್ಕೆ ಪಾಳಿಯವರು ಕೀ ಕೊಡಬಾರದು. ಹದಿನೆಂಟರಂದು ಹೇಳಿಕೊಟ್ಟದ್ದೇ ಇದು.

ಪಾಳಿಯಲ್ಲಿ ಯಾರಿದ್ದರು ಎಂದು ಉಶಿಯಾಮಾ ಸಾನ್ ಕೇಳಲೇ ಇಲ್ಲ. ಮಗುಚಿಟ್ಟ ಗಡಿಯಾರಕ್ಕೆ ಕೀ ಕೊಡುವಂಥವರು ಈ ಕಟ್ಟಡದಲ್ಲಿ ಇರಬಹುದು ಎಂದು ಅವರಿಗೆ ಹೊಳೆದಿರಲಾರದು.

ನಾನು ಬಾಯಿ ತೆರೆಯಬೇಕಿತ್ತು. ಎಲ್ಲರ ಜೊತೆ ನನ್ನ ಬೆಂಚಿಗೆ ಹೋಗಿ ಕೂತೆ.

ಜನವರಿ 31, ಬುಧವಾರ

ಊಟ ಸೇರಲಿಲ್ಲ.

ಫೆಬ್ರವರಿ 2, ಶುಕ್ರವಾರ

ತೊಮಿ ಊರಿಗೆ ಹೋಗುತ್ತಾಳಂತೆ. ಭಾನುವಾರದ ರೈಲಿಗೆ. ಅಲ್ಲಿ ಅವಳ ಚಿಕ್ಕಮ್ಮನ, ಸೋಯಾ ಹುದುಗಿಸಿದ ಮಿಸೊ ಮಾರುವ ಅಂಗಡಿಯಿದೆ, ಕೈಗೆ ಕೆಲಸ ಸಿಗುತ್ತದೆ. ಬಟ್ಟೆಗಳನ್ನು ಮಡಚಿ ಗಂಟು ಕಟ್ಟುತ್ತಿದ್ದಳು. ಒಂದು ಗಡಿಯಾರ ಕೆಟ್ಟರೆ ಕೆಟ್ಟಿತು, ಅದಕ್ಕೆ ಯಾರಾದರೂ ಹೋಗುತ್ತಾರೆಯೇ ಎಂದೆ. ಗಡಿಯಾರದ ಮಾತಲ್ಲ ಎಂದಳು.

“ಮಗುಚಿ ಇಟ್ಟ ನೆನಪು ಕಣ್ಣಿಗೆ ಕಟ್ಟಿದಂಗಿದೆ ಮಿಯೊ. ಆದ್ರೆ ಚಕ್ರ ಇಲ್ಲ ಅನ್ನುತ್ತೆ. ಚಕ್ರ ಸುಳ್ಳು ಹೇಳಲ್ಲ. ಅಂದ್ರೆ ನಾನು ಮಾಡಿದ್ದು ಒಂದು, ಮಾಡಿದೆ ಅಂದ್ಕೊಂಡಿದ್ದು ಒಂದು. ಇಂಥ ತಲೆ ಇಟ್ಕೊಂಡು ಏನು ಹೊಂದಿಸ್ಲಿ?”

ತನ್ನ ಎರಡು ಕೈಯನ್ನೂ ಬೆಳಕಿಗೆ ಹಿಡಿದು ನೋಡಿಕೊಂಡಳು. ಅಂಗಡಿಯವನು ಕೊಟ್ಟ ಚಿಲ್ಲರೆಯನ್ನು ನಂಬದೆ ನೋಡುತ್ತಾರಲ್ಲ, ಹಾಗೆ.

ಇದೇ ಸಂಜೆ ಕಸಹಾರಾ ಸಾನ್ ನನ್ನನ್ನು ಮೆಟ್ಟಿಲ ಬಳಿ ನಿಲ್ಲಿಸಿ, ಏಪ್ರಿಲ್‌ನಿಂದ ರಫ್ತು ಕಚೇರಿಗೆ ಬಂದುಬಿಡು ಎಂದರು. ಪರೀಕ್ಷೆ ದಾಟಿದರೂ ಸರಿ, ದಾಟದಿದ್ದರೂ ಸರಿ, ಇಂಗ್ಲಿಷ್ ಕಾಗದ ಬರೆಯುವವರು ಬೇಕು. ಬಿಸಿಗಾಳಿ ಯಂತ್ರದ ಪಕ್ಕದ ಮೇಜಂತೆ.

ಹಾಗಾದರೆ ನಾನೇಕೆ ಹೆದರುತ್ತಿದ್ದೇನೆ? ಹೇಳಿದರೆ ಬೆಂಚಿನಿಂದ ಎಬ್ಬಿಸುತ್ತಾರೆ. ಎಬ್ಬಿಸಿದರೆ ಬೆಚ್ಚಗಿನ ಮೇಜು ಕಾದಿದೆ. ಕಳೆದುಕೊಳ್ಳುವುದು ಏನೂ ಇಲ್ಲ. ಲೆಕ್ಕ ಸರಿಯಾಗಿಯೇ ಇದೆ, ಕೂಡಿಸಿ ಭಾಗಿಸಿದರೆ ಸೊನ್ನೆ. ಆದರೂ ಬಾಯಿ ಬರುತ್ತಿಲ್ಲ. ತೊಮಿ ನಾಳೆ ನಾಡಿದ್ದರಲ್ಲಿ ಹೊರಟೇ ಹೋದರೆ ಹೇಳುವ ಅಗತ್ಯವೇ ಬೀಳುವುದಿಲ್ಲ ಎಂದು ಒಂದು ಕ್ಷಣ ಸಮಾಧಾನವಾಯಿತು. ಈ ಸಾಲು ಬರೆದು ಎರಡು ಸಲ ಓದಿದೆ. ಇದು ನಾನು ಬರೆದದ್ದೇ.

ಫೆಬ್ರವರಿ 4, ಭಾನುವಾರ

ಇವತ್ತು ಹಾಸ್ಟೆಲಿನಲ್ಲಿ ಹುರಿದ ಸೋಯಾ ಕಾಳು ಎರಚಿ ಪೀಡೆ ಓಡಿಸುವ ಹಬ್ಬ. ಹುಡುಗಿಯರು ಬಾಗಿಲಿಗೆ, ಮೆಟ್ಟಿಲಿಗೆ, ಒಬ್ಬರ ಮೇಲೊಬ್ಬರು ಎರಚುತ್ತಿದ್ದರು. ಪೀಡೆ ಹೊರಗೆ, ಭಾಗ್ಯ ಒಳಗೆ. ತೊಮಿ ಗಂಟು ಹಿಡಿದುಕೊಂಡು ಆ ಕಾಳುಗಳ ಮಧ್ಯೆಯೇ ಹೊರಟುಹೋದಳು. ನಾನು ಕೈಯಲ್ಲಿ ಕಾಳು ಹಿಡಿದು ನಿಂತಿದ್ದೆ.

ಆಮೇಲೆ ಓಡಿದೆ. ಕೋಟು ಹಾಕಿಕೊಂಡಿರಲಿಲ್ಲ ಎಂದು ಸ್ಟೇಷನ್ನಿನಲ್ಲಿ ಗೊತ್ತಾಯಿತು.

ಅವಳು ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತಿದ್ದಳು. ನಾನು ಎದುರಿಗೆ ನಿಂತು ಎಲ್ಲ ಹೇಳಿದೆ. ಬುಧವಾರ ನನ್ನ ಪಾಳಿ, ಮಗುಚಿತ್ತು, ನೆಟ್ಟಗೆ ಮಾಡಿದೆ, ಪೂರ್ತಿ ಕೀ ಕೊಟ್ಟೆ, ನನಗೆ ಗೊತ್ತಿರಲಿಲ್ಲ, ಕೇಳಲೂ ಇಲ್ಲ, ಮಂಗಳವಾರವೇ ತಿಳಿಯಿತು, ಹೇಳಲಿಲ್ಲ.

ಅವಳು ಮೊದಲು ನನ್ನ ಮುಖ ನೋಡಲಿಲ್ಲ. ಕೈಗವಸು ತೆಗೆದು ಬೆರಳುಗಳನ್ನು ನೋಡಿಕೊಂಡಳು.

“ಮಗುಚಿ ಇಟ್ಟಿದ್ದೆ” ಎಂದಳು.

“ಇಟ್ಟಿದ್ದೆ.”

“ನಾನು ಅಂದ್ಕೊಂಡಿದ್ದೇ ಮಾಡಿದ್ದೆ.”

“ಹೌದು.”

ಅವಳ ಕಣ್ಣಲ್ಲಿ ನೀರು ಬಂತು. ಒಂದು ಕ್ಷಣ ಎಲ್ಲ ಸರಿಹೋಯಿತು ಅಂದುಕೊಂಡೆ. ಆಮೇಲೆ ಅವಳು ತಲೆಯೆತ್ತಿ ನನ್ನನ್ನು ನೋಡಿದಳು.

“ಐದು ದಿನ” ಎಂದಳು. “ಐದು ದಿನ ನಾನು ನನಗೆ ಹುಚ್ಚು ಹಿಡೀತಿದೆ ಅಂದ್ಕೊಂಡೆ. ನೀನು ಪಕ್ಕದ ಹಾಸಿಗೇಲಿ ಮಲಗಿದ್ದೆ.”

ರೈಲು ಬಂತು, ನಿಂತಿತು, ಹೋಯಿತು. ಅವಳು ಹತ್ತಲಿಲ್ಲ. ಗಂಟು ಎತ್ತಿಕೊಂಡು ಹಾಸ್ಟೆಲಿನ ಕಡೆಗೆ ನಡೆದಳು. ನಾನು ಗಂಟು ಹಿಡಿಯಲು ಕೈ ಚಾಚಿದೆ. ಮುಟ್ಟಬೇಡಿ ಇನಾಗಾಕಿ ಸಾನ್ ಎಂದಳು. ನನ್ನ ಮನೆತನದ ಹೆಸರು ಅವಳಿಗೆ ಗೊತ್ತಿದೆ ಎಂದೇ ನನಗೆ ತಿಳಿದಿರಲಿಲ್ಲ.

ಫೆಬ್ರವರಿ 5, ಸೋಮವಾರ

ಉಶಿಯಾಮಾ ಸಾನ್‌ಗೂ ಹೇಳಿದೆ, ತರಗತಿಯ ಎದುರಿಗೇ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಚಕ್ರವೂ ಅದರ ಕೂದಲೆಳೆಯಂಥ ಸ್ಪ್ರಿಂಗೂ ಜೋಡಿಯಾಗಿ ಬರುತ್ತವೆ, ಒಬ್ಬರಿಗೆ ಒಂದು ಜೋಡಿ. ಏಪ್ರಿಲ್ ತನಕ ಬೇರೆ ಇಲ್ಲ. ಉಶಿಯಾಮಾ ಸಾನ್ ನನ್ನ ಗಡಿಯಾರ ಬಿಚ್ಚಿ, ಜೋಡಿಯನ್ನು ತೆಗೆದು ತೊಮಿಯ ಮುಂದಿಟ್ಟರು. ತೊಮಿಯದನ್ನು ತೆಗೆದು ನನ್ನ ಮುಂದಿಟ್ಟರು.

“ಕೆಡಿಸಿದ್ದು ನೀನು. ನೀನೇ ಕಟ್ಟು.”

ಇವರದು ನನಗೆ ಬೇಡ ಎಂದಳು ತೊಮಿ. ಬೇಕೋ ಬೇಡವೋ ಎಂದು ಕೇಳಲಿಲ್ಲ ಎಂದರು ಅವರು.

ಸಂಜೆ ನನ್ನ ಚಕ್ರವನ್ನು ಅವಳು ಚುಕ್ಕಿಯಂತ್ರಕ್ಕಿಟ್ಟು ನೋಡುತ್ತ, ಯಾರಿಗೂ ಅಲ್ಲ ಎಂಬಂತೆ ಹೇಳಿದಳು: ಇದೂ ಇದರ ಒಡತಿಯ ಹಾಗೇ, ಯಾವ ಕಡೆ ತಿರುಗಿಸಿದ್ರೆ ಆ ಕಡೆಯವರಿಗೆ ಹೌದು ಅನ್ನುತ್ತೆ. ಸುತ್ತ ಇದ್ದವರು ನಕ್ಕರು. ನಾನೂ ನಗಬೇಕಿತ್ತೇ?

ಬೆಂಚಿನಿಂದ ಎಬ್ಬಿಸಲಿಲ್ಲ. ಅದು ಶಿಕ್ಷೆಯೋ ಕ್ಷಮೆಯೋ ಗೊತ್ತಾಗುತ್ತಿಲ್ಲ.

ಫೆಬ್ರವರಿ 13, ಮಂಗಳವಾರ

ಚಕ್ರದ ಅಂಚಿನಲ್ಲಿ ತೊಮಿಯ ಎರಡು ಗೀರುಗಳು. ಎಷ್ಟು ಚೊಕ್ಕವಾಗಿವೆ ಎಂದರೆ ತಪ್ಪಾದ ಜಾಗದಲ್ಲಿವೆ ಎಂದು ನಂಬುವುದು ಕಷ್ಟ. ಅವುಗಳ ಎದುರು ಬದಿಯಲ್ಲಿ ನಾನು ಕೆರೆಯಬೇಕು. ಕೆರೆದಷ್ಟೂ ಚಕ್ರ ಹಗುರ, ಹಗುರವಾದಷ್ಟೂ ಓಟ ಜಾಸ್ತಿ. ಅದನ್ನು ಸ್ಪ್ರಿಂಗಿನಲ್ಲಿ ಹಿಡಿಯಬೇಕು. ಎಷ್ಟು ಕೆರೆಯಬೇಕು ಎಂದು ಕೇಳಿದೆ. ಧೂಳಿಗಿಂತ ಕಡಿಮೆ ಎಂದರು ಉಶಿಯಾಮಾ ಸಾನ್. ಧೂಳಿಗಿಂತ ಎಷ್ಟು ಕಡಿಮೆ ಎಂದು ಮತ್ತೆ ಕೇಳಿದೆ. ಅವರು ಪಕ್ಕಕ್ಕೆ ಬಂದು ಕೂತು ತೋರಿಸಿದರು.

ಇಲ್ಲಿ ಸ್ಪ್ರಿಂಗ್ ಮುಟ್ಟುವ ಮೊದಲು ಬೆಂಚಿಗೆ ಬೆರಳಿಂದ ಒಂದು ತಟ್ಟು ತಟ್ಟಿದರೆ ಓಡಾಡುವವರೆಲ್ಲ ಇದ್ದಲ್ಲೇ ನಿಲ್ಲುತ್ತಾರೆ, ನೆಲ ಅದುರಬಾರದೆಂದು. ಇಷ್ಟು ತಿಂಗಳು ನಾನು ತಟ್ಟಿದ್ದೇ ಇಲ್ಲ. ನನಗಾಗಿ ಅಷ್ಟು ಜನ ನಿಲ್ಲುವುದೇ? ಇವತ್ತು ಸ್ಪ್ರಿಂಗನ್ನೇ ನೋಡುತ್ತ ಮರೆತು ತಟ್ಟಿಬಿಟ್ಟೆ. ಕಸಹಾರಾ ಸಾನ್ ಆಗತಾನೆ ಒಳಗೆ ಬರುತ್ತಿದ್ದರು. ಒಂದು ಕಾಲು ಹೊಸ್ತಿಲ ಒಳಗೆ, ಒಂದು ಹೊರಗೆ, ಹಾಗೇ ನಿಂತರು, ಹಿಂದಿನಿಂದ ಹಿಮ ಬೀಸುತ್ತಿದ್ದರೂ. ನಾನು ನೋಡಲಿಲ್ಲ. ಆಮೇಲೆ ಪಕ್ಕದವರು ಹೇಳಿದರು.

ಫೆಬ್ರವರಿ 22, ಗುರುವಾರ

ಅಂತರ ಇಪ್ಪತ್ತೆರಡು. ಗುಂಡಿ ಎಡಕ್ಕಿದ್ದಾಗಿನ ಓಟ ಇಳಿಯಿತು, ಗುಂಡಿ ಕೆಳಗಿದ್ದಾಗಿನದು ಏರಿತು. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಉಬ್ಬುತ್ತದೆ. ತೊಮಿ ಇನ್ನೂ ಇನಾಗಾಕಿ ಸಾನ್ ಎನ್ನುತ್ತಾಳೆ, ಬೇಕಾದಾಗ ಮಾತ್ರ. ಉಪ್ಪಿನಕಾಯಿ ಈ ಕಡೆ ಕೊಡಿ ಇನಾಗಾಕಿ ಸಾನ್.

ಫೆಬ್ರವರಿ 29, ಗುರುವಾರ

ನಾಲ್ಕು ವರ್ಷಕ್ಕೊಮ್ಮೆ ಬರುವ ದಿನ. ಭೂಮಿಯ ಲೆಕ್ಕ ಹೊಂದದೆ ಒಂದು ದಿನ ತುರುಕಬೇಕಾಗಿದೆಯಲ್ಲ ಎಂದು ಯಾರೋ ಅಂದರು. ಭೂಮಿಯೂ ನಮ್ಮ ಪರೀಕ್ಷೆ ದಾಟುವುದಿಲ್ಲ, ಆದರೆ ಅದರ ಚಟ ಒಂದೇ, ಆದ್ದರಿಂದ ತೊಂದರೆಯಿಲ್ಲ ಎಂದರು ಉಶಿಯಾಮಾ ಸಾನ್.

ಅಂತರ ಹದಿನಾರು. ಸ್ಪ್ರಿಂಗಿನ ಹೊರ ಸುತ್ತು ನಾನು ಅಂದುಕೊಂಡ ಕಡೆಗೆ ಬಾಗುತ್ತಿಲ್ಲ. ಅಥವಾ ಬಾಗುತ್ತಿದೆ, ನಾನು ಅಂದುಕೊಂಡದ್ದೇ ತಪ್ಪು. ನಾಳೆ ಮಗುಚಿ ಇಟ್ಟು ಮತ್ತೆ ಅಳೆಯಬೇಕು.

ಮಾರ್ಚ್ 7, ಗುರುವಾರ

ಹನ್ನೊಂದು. ಮತ್ತೆ ಹದಿಮೂರು. ಮತ್ತೆ ಹನ್ನೊಂದು.

ಸರೋವರದ ಮಂಜುಗಡ್ಡೆ ಒಡೆಯಿತಂತೆ. ಯಾವಾಗ ಪೂರ್ತಿ ಗಟ್ಟಿಯಾಗಿತ್ತೋ, ನಾನು ಗಮನಿಸಿರಲಿಲ್ಲ.

ಮಾರ್ಚ್ 22, ಶುಕ್ರವಾರ

ಫಲಿತಾಂಶ ಬಂತು. ತೊಮಿ ದಾಟಿದಳು, ಅಂತರ ಐದು. ಅದು ನನ್ನ ಚಕ್ರ. ನನ್ನ ಕೈಯಲ್ಲಿದ್ದಾಗ ಇಪ್ಪತ್ತೊಂದಿತ್ತು.

ನನ್ನದು ಎಂಟು. ಎರಡು ಸೆಕೆಂಡಿನಲ್ಲಿ ಹೋಯಿತು.

ಅಳು ಬರುತ್ತದೆ ಅಂದುಕೊಂಡಿದ್ದೆ. ಬರಲಿಲ್ಲ. ಗುಂಡಿ ಕೆಳಗಿದ್ದಾಗ ಮಾತ್ರ ಅದೇಕೆ ಹಟ ಮಾಡುತ್ತದೆ ಎಂದೇ ತಲೆಯಲ್ಲಿ ಓಡುತ್ತಿತ್ತು. ಬಹುಶಃ ಇನ್ನೂ ಮನಸ್ಸಿಗೆ ಮುಟ್ಟಿಲ್ಲ.

ಮಾರ್ಚ್ 23, ಶನಿವಾರ

ಕಸಹಾರಾ ಸಾನ್ ನನ್ನನ್ನು ಕರೆದೊಯ್ಯಲು ಬಂದರು. ಮೇಜು ಸಿದ್ಧವಾಗಿದೆ, ಹೊಸ ಟೈಪ್‌ರೈಟರ್ ಬಂದಿದೆ ಎಂದರು. ಅವರ ಕಡೆ ತಿರುಗಿ ಹೂಂ ಎನ್ನಬೇಕಿತ್ತು. ನಾನು ಉಶಿಯಾಮಾ ಸಾನ್ ಕಡೆ ತಿರುಗಿ, ಏಪ್ರಿಲ್‌ನಲ್ಲಿ ಬರುವವರ ಜೊತೆ ಮೊದಲ ವರ್ಷಕ್ಕೆ ಮತ್ತೆ ಕೂರಬಹುದೇ ಎಂದು ಕೇಳಿದೆ.

“ಮೊದಲನೇ ವರ್ಷಕ್ಕೆ ಎರಡನೇ ಸಲ ಇಲ್ಲಿ ಯಾರೂ ಕೂತಿಲ್ಲ.”

“ಕೂರಬಾರದು ಅಂತ ಇದೆಯಾ?”

ಅವರು ಮಸೂರ ತೆಗೆದು ಮೇಜಿನ ಮೇಲಿಟ್ಟರು. “ಇಲ್ಲ” ಎಂದರು ಕೊನೆಗೆ. “ಯಾರೂ ಕೇಳಿಲ್ಲ.”

ಕಸಹಾರಾ ಸಾನ್ ಮುಖ ನೋಡಲಾಗಲಿಲ್ಲ. ಬಿಸಿಗಾಳಿ ಯಂತ್ರ, ಹೊಸ ಟೈಪ್‌ರೈಟರ್, ಕಿರಿಯರ ಸಾಲಿನಲ್ಲಿ ಕೂರುವ ನಾಚಿಕೆ, ಇದಾವುದನ್ನೂ ಯೋಚಿಸದೆ ಹೇಗೆ ಕೇಳಿಬಿಟ್ಟೆ? ಇರುವುದು ಬಾಗಿಲ ಪಕ್ಕದ ಬೆಂಚು ಒಂದೇ, ಗಾಳಿ ಬರುತ್ತದೆ ಎಂದರು ಉಶಿಯಾಮಾ ಸಾನ್. ಏಪ್ರಿಲ್‌ನಲ್ಲಿ ಹೊಸ ಚಕ್ರ ಕೊಡುತ್ತೇನೆ ಎಂದದ್ದಕ್ಕೆ, ಬೇಡ, ಇದರಲ್ಲಿ ಇನ್ನೂ ಎರಡು ಸೆಕೆಂಡು ಇದೆ ಎಂದೆ.

ಅಮ್ಮನಿಗೆ ಏನೆಂದು ಹೇಳುವುದು? ಯಾಕೆ ಹೀಗೆ ಮಾಡಿದೆ ಎಂದು ಅವಳು ಕೇಳಿಯೇ ಕೇಳುತ್ತಾಳೆ.

ಏಪ್ರಿಲ್ 2, ಮಂಗಳವಾರ

ಹೊಸಬರು ಬಂದಿದ್ದಾರೆ. ಪಕ್ಕದ ಬೆಂಚಿನ ಕರಸಾವಾ ಎಂಬ ಹುಡುಗಿ ನನ್ನನ್ನು ಹಿರಿಯಳೆಂದುಕೊಂಡು ಬೆಳಗಿನಿಂದ ನಮಸ್ಕಾರ ಮಾಡುತ್ತಲೇ ಇದ್ದಾಳೆ. ಅಲ್ಲ, ನಾನೂ ಮೊದಲ ವರ್ಷವೇ ಎಂದರೆ ಅದಕ್ಕೂ ಒಂದು ನಮಸ್ಕಾರ.

ಮಧ್ಯಾಹ್ನ ಅವಳು ಕೇಳಿದಳು: ಬಾಗಿಲ ಪಕ್ಕ ಇಟ್ಟ ಗಡಿಯಾರ ಒಳಗಿನವಕ್ಕಿಂತ ಬೇರೆ ಥರ ನಡೆಯುತ್ತದಲ್ಲ, ಅದು ಚಳಿಗೋ, ಬಾಗಿಲು ಬಡಿಯುವ ಅದುರಿಗೋ?

“ಗೊತ್ತಿಲ್ಲ. ಬಾ, ಕೇಳೋಣ.”

ಉಶಿಯಾಮಾ ಸಾನ್ ಇರಲಿಲ್ಲ. ಗಾಜಿನ ಗೋಡೆಯಾಚೆ ತೊಮಿ ಒಬ್ಬಳೇ ಇದ್ದಳು, ಹೊಸ ಬಿಳಿ ಕೋಟಿನಲ್ಲಿ. ಕರಸಾವಾ ಮತ್ತೆ ಅದೇ ಪ್ರಶ್ನೆ ಕೇಳಿದಳು. ತೊಮಿ ತಲೆ ಎತ್ತಲಿಲ್ಲ.

“ಮೊದಲು ಇವಳನ್ನ ಕೇಳಿದ್ಯಾ? ಹುಷಾರು. ಈ ಮಿಯೊ ಕಣ್ಣಿಗೆ ಬಿದ್ದಿದ್ದನ್ನೆಲ್ಲ ನೆಟ್ಟಗೆ ಮಾಡಿಬಿಡ್ತಾಳೆ.”

ಕರಸಾವಾ ಅದನ್ನು ಹೊಗಳಿಕೆ ಎಂದು ತಿಳಿದು ನನಗೆ ಇನ್ನೊಂದು ನಮಸ್ಕಾರ ಹಾಕಿದಳು. ತೊಮಿಯ ಭುಜ ಅಲುಗಿತು. ಕೋಪಕ್ಕೋ ನಗುವಿಗೋ ತಿಳಿಯಲಿಲ್ಲ, ಮುಖ ಆ ಕಡೆಗಿತ್ತು.

ಆಮೇಲೆ, ಚಳಿಯೋ ಅದುರೋ ತನಗೂ ಗೊತ್ತಿಲ್ಲ ಎಂದಳು. ಎರಡು ಗಡಿಯಾರ ಬೇಕು, ಒಂದು ಬಾಗಿಲ ಪಕ್ಕ, ಒಂದು ಒಳಗೆ, ಒಂದು ವಾರ ಇಟ್ಟು ನೋಡಬೇಕು. ಒಂದಕ್ಕೆ ನನ್ನದು ಇದೆ ಎಂದೆ. ತೊಮಿ ತನ್ನ ಮಣಿಕಟ್ಟಿನಿಂದ ಗಡಿಯಾರ ಬಿಚ್ಚಿ, ಅಂಗಿಯ ತೋಳಿನಿಂದ ಗಾಜು ಒರೆಸಿ ನನ್ನ ಕೈಗೆ ಕೊಟ್ಟು, ಮತ್ತೆ ಕೆಲಸಕ್ಕೆ ಬಗ್ಗಿದಳು.

ಯಾವುದನ್ನು ಬಾಗಿಲ ಪಕ್ಕ ಇಡಬೇಕು, ಅವಳದನ್ನೋ ನನ್ನದನ್ನೋ, ಕೇಳಲು ಮರೆತೆ. ಸದ್ಯಕ್ಕೆ ಎರಡೂ ನನ್ನ ಬೆಂಚಿನ ಮೇಲಿವೆ. ನಾಳೆ ಬೆಳಿಗ್ಗೆ ಕೀ ಕೊಡುವ ಮೊದಲೇ ಕೇಳಬೇಕು.